ಅಪರಾಧವಾರ್ತೆಯಲ್ಲಿ ಅಚ್ಚಾಗದೆ ಉಳಿಯುವ ಅರ್ಧ

ವರ್ತಮಾನಪತ್ರದಲ್ಲಿ ಅಪರಾಧದ ವಾರ್ತೆಯಷ್ಟು ಆಸಕ್ತಿಯಿಂದ ಓದಲ್ಪಡುವ ಭಾಗವು ಮತ್ತೊಂದಿಲ್ಲ. ಅದರಷ್ಟು ಕಡಿಮೆ ಪರೀಕ್ಷೆಗೆ ಒಳಗಾಗುವ ಭಾಗವೂ ಮತ್ತೊಂದಿಲ್ಲ. ಮಂತ್ರಿಗಳ ಭಾಷಣವನ್ನು ಓದುವ ವಾಚಕನು ಅದರಲ್ಲಿ ನಿಜವೆಷ್ಟು, ಬಣ್ಣವೆಷ್ಟು ಎಂದು ತೂಗಿ ನೋಡುತ್ತಾನೆ. ಪೇಟೆಯ ಧಾರಣೆಯ ಅಂಕಿಯನ್ನು ಸಹ ಸಂಶಯಿಸುತ್ತಾನೆ. ಆದರೆ ‘ಇಬ್ಬರು ಕಳ್ಳರ ಬಂಧನ’ ಎಂಬ ಶಿರೋನಾಮೆಯನ್ನು ಕಂಡೊಡನೆ, ಇಬ್ಬರು ಸಿಕ್ಕಿದರು, ಅವರು ಕಳ್ಳರು ಎಂಬ ಎರಡು ಸಂಗತಿಗಳನ್ನೂ ಒಂದೇ ಗುಟುಕಿನಲ್ಲಿ ನುಂಗಿಬಿಡುತ್ತಾನೆ. ಇವುಗಳಲ್ಲಿ ಮೊದಲನೆಯದು ಮಾತ್ರ ಪತ್ರಿಕೆಗೆ ಗೊತ್ತಿರುವ ಸಂಗತಿಯು. ಎರಡನೆಯದನ್ನು ನಿಶ್ಚಯಿಸುವ ಅಧಿಕಾರವುಳ್ಳ ನ್ಯಾಯಾಧೀಶರು ಆ ಹೊತ್ತಿಗೆ ಆ ಮನುಷ್ಯರ ಮುಖವನ್ನೂ ಕಂಡಿರುವುದಿಲ್ಲ.

ಇಂತಹ ವಾರ್ತೆಯು ಎಲ್ಲಿಂದ ಬರುತ್ತದೆಂಬುದನ್ನು ವಾಚಕರು ಒಮ್ಮೆ ವಿಚಾರಿಸಬೇಕು. ಫಿರ್ಯಾದಿಯು ಠಾಣೆಯಲ್ಲಿ ಬರೆಯಿಸಿದ ಪ್ರಥಮ ವರ್ತಮಾನ ವರದಿ, ಆಪಾದಿತನನ್ನು ತಮ್ಮ ಕೈಯಲ್ಲೇ ಇರಿಸಿಕೊಳ್ಳಲು ಪೋಲೀಸರು ಮ್ಯಾಜಿಸ್ಟ್ರೇಟರಿಗೆ ಕೊಡುವ ಅರ್ಜಿ, ಮೇಲಧಿಕಾರಿಗಳು ಬಾತ್ಮೀದಾರರನ್ನು ಕರೆದು ಕೊಡುವ ಪ್ರಕಟಣೆ, ಈ ಮೂರೇ ಅದರ ಮೂಲಗಳು. ಮೂರೂ ಒಂದೇ ಕಡೆಯ ಕಾಗದಗಳು. ಆಪಾದಿತನು ಆಗ ಬಂಧನದಲ್ಲಿರುತ್ತಾನೆ. ಅವನ ಮನೆಯವರು ದಿಕ್ಕುಗಾಣದೆ ಓಡಾಡುತ್ತಿರುತ್ತಾರೆ. ವಕೀಲನು ಇನ್ನೂ ಗೊತ್ತಾಗಿರುವುದಿಲ್ಲ. ತರ್ಕಶಾಸ್ತ್ರವನ್ನು ಪಾಠಶಾಲೆಯಲ್ಲಿ ಅಲ್ಪಸ್ವಲ್ಪ ಓದಿದವರಿಗೂ ತಿಳಿದಿರುವ ಸಂಗತಿಯೇನೆಂದರೆ, ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕು. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತಕ್ಕೆ ಹೋಗಬಾರದು. ನಮ್ಮ ಪತ್ರಿಕೆಗಳ ಅಪರಾಧದ ಪುಟದಲ್ಲಿ ಪೂರ್ವಪಕ್ಷವೇ ಇಲ್ಲದೆ ಸಿದ್ಧಾಂತವು ಬೆಳಗಾಗುವಷ್ಟರಲ್ಲಿ ಮನೆಬಾಗಿಲಿಗೆ ಬಂದು ಬೀಳುತ್ತದೆ.

‘ವಿಚಾರಣೆಯ ವೇಳೆ ಆರೋಪಿಯು ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿರಿ. ಇದನ್ನು ಓದದ ವಾರವು ಯಾವ ವಾಚಕನಿಗೂ ಇರಲಾರದು. ಪೋಲೀಸ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ಸಾಕ್ಷ್ಯವಾಗಿ ಉಪಯೋಗಿಸಲಾಗದೆಂದು 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಅದೇ ನಿಯಮವು ಉಳಿದಿರುತ್ತದೆ. ಆ ಹೇಳಿಕೆಯಿಂದ ಕದ್ದ ಮಾಲೋ ಆಯುಧವೋ ಸಿಕ್ಕಿದರೆ, ಸಿಕ್ಕಿದ್ದಕ್ಕೆ ಸಂಬಂಧಿಸಿದ ಭಾಗವಷ್ಟೇ ಕೋರ್ಟಿನಲ್ಲಿ ಸಲ್ಲುತ್ತದೆ. ಈ ಕಾಯಿದೆಯನ್ನು ಮಾಡಿದವರು ಯಾರು? ನಮ್ಮನ್ನಾಳುತ್ತಿದ್ದ ಪರಕೀಯ ಸರಕಾರದವರು. ತಮ್ಮ ಸಂಬಳ ತಿನ್ನುವ ಪೋಲೀಸನು ಮುಚ್ಚಿದ ಕೋಣೆಯಲ್ಲಿ ಕೇಳಿಸಿಕೊಂಡೆನೆಂದು ಹೇಳುವ ಮಾತನ್ನು ಅವರೇ ನಂಬಲಿಲ್ಲ. 1902ರಲ್ಲಿ ಕರ್ಜನ್ ಸಾಹೇಬರು ನೇಮಿಸಿದ ಪೋಲೀಸ ಆಯೋಗವು ಆ ಪಡೆಯ ಲಂಚಗುಳಿತನವನ್ನೂ ದಬ್ಬಾಳಿಕೆಯನ್ನೂ ಬಿಚ್ಚುಮಾತಿನಲ್ಲಿ ಬರೆಯಿತು. ಅವರು ನ್ಯಾಯಾಲಯದ ಹೊಸ್ತಿಲಿನಲ್ಲಿಯೇ ತಡೆದ ಮಾತನ್ನು ಸ್ವತಂತ್ರ ಭಾರತದ ಪತ್ರಿಕೆಗಳು ನಾಲ್ಕು ಅಂಕಣದ ಶಿರೋನಾಮೆಯಾಗಿ ಒಳಗೆ ಕರೆತರುತ್ತಿರುವುದು ವಿಚಿತ್ರವಾಗಿರುತ್ತದೆ. ‘ತಪ್ಪೊಪ್ಪಿಕೊಂಡನೆಂದು ಪೋಲೀಸರು ಹೇಳುತ್ತಾರೆ, ಕಾಯಿದೆಯಂತೆ ಇದು ಪುರಾವೆಯಲ್ಲ’ ಎಂಬ ಎರಡನೆಯ ವಾಕ್ಯವನ್ನು ಸೇರಿಸಲು ಎಷ್ಟು ಸ್ಥಳ ಬೇಕು?

ಶಬ್ದಗಳ ವಿಷಯವನ್ನೂ ಹೇಳಬೇಕು. ಆಪಾದಿತನು ಶ್ರೀಮಂತನಾದರೆ ‘ಉದ್ಯಮಿಯ ಮೇಲೆ ಆರೋಪ’ ಎಂದು ಬರೆಯುತ್ತಾರೆ. ಬಡವನಾದರೆ ಅವನು ಒಡನೆಯೇ ‘ಖದೀಮ’ನಾಗುತ್ತಾನೆ. ಖದೀಮವೆಂದರೆ ಮೂಲತಃ ಹಳೆಯದು, ಬಹುಕಾಲದ್ದು ಎಂದರ್ಥ. ಹಳೆಯ ಕಳ್ಳನನ್ನು ಖದೀಮ ಕಳ್ಳನೆನ್ನುತ್ತಿದ್ದರು. ಈಗ ಕಳ್ಳನು ಬಿದ್ದುಹೋಗಿ ಖದೀಮನು ಉಳಿದಿದ್ದಾನೆ. ಜೀವಮಾನದಲ್ಲಿ ಮೊದಲ ಬಾರಿಗೆ ಠಾಣೆಯ ಮೆಟ್ಟಿಲನ್ನು ಹತ್ತಿದ ಹದಿನೆಂಟರ ಹುಡುಗನಿಗೂ ಈ ಬಿರುದು ಸಿಗುತ್ತದೆ.

ಹೈದರಾಬಾದಿನಲ್ಲಿ 2019ರಲ್ಲಿ ನಡೆದುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಆ ವರ್ಷದ ನವೆಂಬರ 27ರ ರಾತ್ರಿ ಶಂಷಾಬಾದಿನ ಸುಂಕದ ಕಟ್ಟೆಯ ಸಮೀಪದಲ್ಲಿ ಒಬ್ಬ ಪಶುವೈದ್ಯೆಯ ಮೇಲೆ ಅತ್ಯಾಚಾರ ಮಾಡಿ, ಕೊಂದು, ಶವವನ್ನು ಸುಟ್ಟರು. ದೇಶವೆಲ್ಲ ಕಣ್ಣೀರಿಟ್ಟಿತು, ಕೆಂಡವಾಯಿತು; ಅದು ಯೋಗ್ಯವೇ. ನಾಲ್ವರನ್ನು ಬಂಧಿಸಿದರು. ಡಿಸೆಂಬರ 6ರ ಬೆಳಗಿನ ಜಾವ ಚಟಾನಪಲ್ಲಿಯ ಬಳಿ ಆ ನಾಲ್ವರೂ ಪೋಲೀಸರ ಗುಂಡಿಗೆ ಸತ್ತರು. ವಸ್ತುಗಳನ್ನು ತೋರಿಸಲೆಂದು ಕರೆದೊಯ್ದಾಗ ಅವರು ಆಯುಧಗಳನ್ನು ಕಿತ್ತುಕೊಂಡು ಮೇಲೆ ಬಿದ್ದರು, ಆತ್ಮರಕ್ಷಣೆಗಾಗಿ ಗುಂಡು ಹಾರಿಸಬೇಕಾಯಿತು ಎಂಬುದು ಪೋಲೀಸರ ಕಥನ. ಜನರು ಪೋಲೀಸರ ಮೇಲೆ ಹೂವು ಸುರಿದರು. ಅಲ್ಲಿಯ ಪೋಲೀಸ ಆಯುಕ್ತರು ಹುಬ್ಬಳ್ಳಿಯ ಮೂಲದವರೆಂಬ ಕಾರಣದಿಂದ ಕರ್ನಾಟಕದಲ್ಲಿಯೂ ಅಭಿಮಾನವು ಉಕ್ಕಿತು.

ಆ ದಿನಗಳ ಗದ್ದಲದಲ್ಲಿ ಮುಳುಗಿಹೋದ ಸಂಗತಿಗಳಲ್ಲಿ ಒಂದು ಇದು: ಮಗಳು ಕಾಣೆಯಾದ ರಾತ್ರಿಯೇ ಮನೆಯವರು ಠಾಣೆಗೆ ಹೋಗಿದ್ದರು, ಇದು ನಮ್ಮ ಸರಹದ್ದಲ್ಲ ಎಂಬ ಮಾತಿನಲ್ಲಿ ಹೊತ್ತು ಕಳೆಯಿತು, ಫಿರ್ಯಾದನ್ನು ದಾಖಲು ಮಾಡುವಲ್ಲಿ ವಿಳಂಬ ಮಾಡಿದ್ದಕ್ಕಾಗಿ ಮೂವರು ಪೋಲೀಸರನ್ನು ಅಮಾನತು ಮಾಡಲಾಯಿತು. ಡಿಸೆಂಬರ 6ರ ಗುಂಡಿನ ಸದ್ದು ಆ ಪ್ರಶ್ನೆಯನ್ನು ಅಡಗಿಸಿಬಿಟ್ಟಿತು. ಇನ್ನೊಂದು ಸಂಗತಿಯು ಹೊರಬೀಳಲು ಎರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಸುಪ್ರೀಮ ಕೋರ್ಟು ನೇಮಿಸಿದ, ನ್ಯಾಯಮೂರ್ತಿ ಸಿರಪೂರಕರರ ಅಧ್ಯಕ್ಷತೆಯ ಆಯೋಗದ ವರದಿಯು 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಆಯುಧ ಕಿತ್ತುಕೊಂಡರೆಂಬ ಕಥನವು ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತು, ಹತ್ತು ಮಂದಿ ಪೋಲೀಸರನ್ನು ಕೊಲೆಯ ಆರೋಪದ ಮೇಲೆ ವಿಚಾರಣೆಗೆ ಗುರಿಪಡಿಸಬೇಕು ಎಂದು ಆಯೋಗವು ಅಭಿಪ್ರಾಯಪಟ್ಟಿತು. ಸತ್ತ ನಾಲ್ವರಲ್ಲಿ ಮೂವರು ಆಗ ಅಪ್ರಾಪ್ತವಯಸ್ಕರೆಂದೂ ಅದು ಹೇಳಿತು. ಮೂವರೂ ಹುಡುಗರಾಗಿದ್ದರೆಂಬ ಮಾತನ್ನು 2019ರ ಡಿಸೆಂಬರ 7ರ ಪತ್ರಿಕೆಗಳಲ್ಲಿ ಹುಡುಕಿದರೆ ಸಿಕ್ಕೀತೇ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಆಯೋಗದ ವರದಿಯು ನ್ಯಾಯಾಲಯದ ತೀರ್ಪಲ್ಲ. ಸುಪ್ರೀಮ ಕೋರ್ಟು ವಿಷಯವನ್ನು ತೆಲಂಗಾಣ ಹೈಕೋರ್ಟಿಗೆ ಕಳುಹಿಸಿತು, ಪೋಲೀಸರೂ ಅಲ್ಲಿ ತಮ್ಮ ಪಕ್ಷವನ್ನು ಹೂಡಿದರು. ನ್ಯಾಯಾಲಯವು ಬೇರೆ ಹೇಳುವವರೆಗೆ ಆ ಹತ್ತು ಮಂದಿಯೂ ನಿರ್ದೋಷಿಗಳೇ. ಸತ್ತ ನಾಲ್ವರಿಗೆ ಸಲ್ಲಬೇಕಾಗಿದ್ದುದು ಇದೇ ನ್ಯಾಯ. ಅವರಿಗೆ ಅದು ಸಲ್ಲಲಿಲ್ಲ, ಇನ್ನು ಸಲ್ಲುವಂತೆಯೂ ಇಲ್ಲ. ಆ ನಾಲ್ವರೇ ಅಪರಾಧಿಗಳಾಗಿದ್ದಿರಬಹುದು. ಆದರೆ ಅದನ್ನು ಸಾಕ್ಷಿ ಪುರಾವೆಗಳಿಂದ ಸ್ಥಾಪಿಸಿ ಹೇಳುವ ಒಂದು ತೀರ್ಪನ್ನು ಆ ವೈದ್ಯೆಯ ತಾಯಿತಂದೆಗಳಿಗೂ ಯಾರೂ ಕೊಡಲಾರರು.

ಆತ್ಮರಕ್ಷಣೆಯ ಕಥನವು ನಮ್ಮ ಪ್ರಾಂತಕ್ಕೂ ಅಪರಿಚಿತವಲ್ಲ. ‘ಮಹಜರಿಗೆ ಕರೆದೊಯ್ದಾಗ ಪರಾರಿಯಾಗಲು ಯತ್ನ, ಆರೋಪಿಯ ಕಾಲಿಗೆ ಗುಂಡು’ ಎಂಬ ವಾರ್ತೆಯನ್ನು ನಮ್ಮ ವಾಚಕರು ಎಷ್ಟು ಸಾರಿ ಓದಿಲ್ಲ? ಊರು ಬೇರೆ, ಹೆಸರು ಬೇರೆ. ಹಲ್ಲೆಗೊಳಗಾದ ಕಾನಸ್ಟೇಬಲರು, ಗಾಳಿಯಲ್ಲಿ ಒಂದು ಗುಂಡು, ಬಳಿಕ ಮೊಣಕಾಲಿನ ಕೆಳಗೆ ಒಂದು ಗುಂಡು, ಇವೆಲ್ಲ ಅವೇ. ಪೋಲೀಸರ ಗುಂಡಿನಿಂದ ಸಾವು ಸಂಭವಿಸಿದರೆ ಬೇರೆ ಠಾಣೆಯವರಿಂದಲೋ ಸಿ.ಐ.ಡಿ.ಯಿಂದಲೋ ಸ್ವತಂತ್ರ ತನಿಖೆಯಾಗಬೇಕೆಂದೂ, ತೀವ್ರ ಗಾಯವಾದಾಗಲೂ ಸಾಧ್ಯವಿದ್ದಷ್ಟು ಈ ಕ್ರಮವನ್ನೇ ಅನುಸರಿಸಬೇಕೆಂದೂ ಸುಪ್ರೀಮ ಕೋರ್ಟು 2014ರಲ್ಲಿ ವಿಧಿಸಿತು. ಆ ತನಿಖೆಯು ಆಯಿತೇ, ಏನು ತೇಲಿತು ಎಂಬುದನ್ನು ವಿಚಾರಿಸಿ ಬರೆದ ವಾರ್ತೆಯು ಎಷ್ಟು ಅಪರೂಪ! ಸತ್ಯವಾಗಿಯೂ ಪೋಲೀಸರ ಮೇಲೆ ಹಲ್ಲೆಯಾಗಿರುವ ಪ್ರಸಂಗಗಳುಂಟು, ಕರ್ತವ್ಯದಲ್ಲಿ ಪ್ರಾಣ ತೆತ್ತವರೂ ಉಂಟು. ಎಲ್ಲ ವಾರ್ತೆಗಳೂ ಒಂದೇ ಅಚ್ಚಿನಲ್ಲಿ ಎರಕವಾಗಿ ಬಂದರೆ, ನಿಜವಾಗಿ ಗಾಯಗೊಂಡ ಕಾನಸ್ಟೇಬಲನ ಮಾತನ್ನೂ ಯಾರೂ ನಂಬದಂತಾಗುತ್ತದೆ.

ಪೋಲೀಸರು ಪತ್ರಿಕೆಗಳಿಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದೆಂಬುದಕ್ಕೆ ಒಂದು ಕೈಪಿಡಿಯನ್ನು ಸಿದ್ಧಪಡಿಸಿರೆಂದು 2023ರ ಸೆಪ್ಟಂಬರದಲ್ಲಿ ಸುಪ್ರೀಮ ಕೋರ್ಟು ಕೇಂದ್ರ ಗೃಹಖಾತೆಗೆ ಆಜ್ಞಾಪಿಸಿತು. ಇದು ಒಳ್ಳೆಯದೇ. ಆದರೆ ಹೇಳುವವನ ಬಾಯಿಗೆ ಕೈಪಿಡಿ ಬಂದ ಮಾತ್ರಕ್ಕೆ ಬರೆಯುವವನ ಹೊಣೆಯು ತೀರುವುದಿಲ್ಲ.

ಇನ್ನು ಜಾತಿಯ ವಿಷಯ. ಬ್ಯಾಂಕಿನ ವ್ಯವಸ್ಥಾಪಕನು ಕೋಟಿಗಟ್ಟಲೆ ಹಣವನ್ನು ನುಂಗಿದಾಗ ಅವನು ಯಾವ ಜಾತಿಯವನೆಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಕೋಳಿ ಕದ್ದವನು ಅಲೆಮಾರಿಯಾಗಿದ್ದರೆ ಅವನ ಕುಲದ ಹೆಸರು ಶಿರೋನಾಮೆಗೇ ಏರುತ್ತದೆ, ‘ತಂಡ’ವೆಂಬ ಬಾಲವೂ ಅಂಟಿಕೊಳ್ಳುತ್ತದೆ. ಈ ಚಾಳಿಯ ಬೇರು ಎಲ್ಲಿದೆಯೆಂಬುದು ಉತ್ತರ ಕರ್ನಾಟಕದ ಹಿರಿಯರಿಗೆ ಗೊತ್ತಿದೆ. 1871ರಲ್ಲಿ ಬ್ರಿಟಿಶ್ ಸರಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. 1911ರ ಹೊಸ ಕಾಯಿದೆಯ ಮೇಲೆ ಅದು ಮುಂಬಯಿ, ಮದ್ರಾಸು ಇಲಾಖೆಗಳಿಗೂ ಹಬ್ಬಿತು. ಇಡೀ ಕುಲವು ಹುಟ್ಟಿನಿಂದಲೇ ಅಪರಾಧಿಯೆಂಬ ವಿಚಾರಶೂನ್ಯ ನಂಬಿಕೆಯೇ ಅದರ ಬುನಾದಿ. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳು ಎದ್ದವು. ಕೊರಮರು, ಹರಣಶಿಕಾರಿಗಳು, ಕಂಜರಭಾಟರು, ಛಪ್ಪರಬಂದರು ಅದರೊಳಗೆ ಹಾಜರಿ ಕೊಟ್ಟು ಬದುಕಿದರು. ಗಂಟಿಚೋರರೆಂಬ ಒಂದು ಕುಲಕ್ಕೆ ಹೆಸರಿನಲ್ಲಿಯೇ ಚೋರಪದವು ಅಂಟಿದೆ. ಆ ಕುಲದ ಮಗುವು ಶಾಲೆಯ ದಾಖಲೆಯಲ್ಲಿ ತನ್ನ ಜಾತಿಯನ್ನು ಬರೆಯಿಸುವಾಗಲೇ ಕಳ್ಳನೆಂದು ಬರೆಯಿಸಿದಂತಾಗುತ್ತದೆ. ಕಾಯಿದೆಯು 1952ರ ಆಗಸ್ಟ 31ರಂದು ರದ್ದಾಯಿತು. ಹುಬ್ಬಳ್ಳಿಯಲ್ಲಿ ಆ ಭಾಗವನ್ನು ಜನರು ಈಗಲೂ ಸೆಟ್ಲಮೆಂಟು ಎಂದೇ ಕರೆಯುತ್ತಾರೆ. ಕಳ್ಳತನದ ವಾರ್ತೆಯಲ್ಲಿ ಆ ಓಣಿಯ ಹೆಸರನ್ನು ಕಂಡ ವಾಚಕನು ಪುರಾವೆಯನ್ನು ಕೇಳುವುದಿಲ್ಲ, ‘ಅವರೇ ಇರಬೇಕು’ ಎಂದುಕೊಳ್ಳುತ್ತಾನೆ. ಕಾರಾಗೃಹದ ರಿಜಿಸ್ಟರುಗಳಿಂದ ಜಾತಿಯ ಅಂಕಣವನ್ನು ತೆಗೆದುಹಾಕಬೇಕೆಂದು 2024ರ ಅಕ್ಟೋಬರದಲ್ಲಿ ಸುಪ್ರೀಮ ಕೋರ್ಟು ಆಜ್ಞೆ ಮಾಡಿತು. ಪತ್ರಿಕೆಗಳ ಅಂಕಣದಿಂದ ಅದನ್ನು ತೆಗೆಯಲು ಕೋರ್ಟಿನ ಆಜ್ಞೆ ಬೇಕಾಗಬಾರದು.

ಜಾತಿಯನ್ನು ಎಂದೂ ಬರೆಯಬಾರದೆಂದು ಇದರರ್ಥವಲ್ಲ. ಕೆರೆಯ ನೀರು ಮುಟ್ಟಿದನೆಂದು ದಲಿತನನ್ನು ಹೊಡೆದರೆ ಹೊಡೆದವರ ಜಾತಿಯನ್ನೂ ಹೊಡೆಸಿಕೊಂಡವನ ಜಾತಿಯನ್ನೂ ಬರೆಯಲೇಬೇಕು, ಏಕೆಂದರೆ ಅಪರಾಧವೇ ಅದರಲ್ಲಿದೆ. ಅಂತಹ ವಾರ್ತೆಗಳನ್ನೇ ‘ಎರಡು ಗುಂಪುಗಳ ನಡುವೆ ಘರ್ಷಣೆ’ ಎಂದು ಬರೆದು ಮುಗಿಸುವುದೂ ಉಂಟು. ಹೇಳಬೇಕಾದಲ್ಲಿ ಮರೆಸಿ, ಬೇಡವಾದಲ್ಲಿ ಹೇಳುವುದು ಒಂದೇ ರೋಗದ ಎರಡು ಲಕ್ಷಣಗಳು.

ಸತ್ತ ಹೆಂಗಸರಿಗೆ ಆಗುವ ಅನ್ಯಾಯವು ಇದಕ್ಕಿಂತಲೂ ಹೇಯವಾದುದು. ಗಂಡನು ಹೆಂಡತಿಯನ್ನು ಕಡಿದು ಠಾಣೆಗೆ ಬಂದು ಶರಣಾಗುತ್ತಾನೆ. ಮರುದಿನದ ಶಿರೋನಾಮೆ: ‘ಅನೈತಿಕ ಸಂಬಂಧ: ಪತ್ನಿಯ ಕೊಲೆ’. ಆ ಸಂಬಂಧವಿತ್ತೆಂದು ಹೇಳಿದವರು ಯಾರು? ಕೊಂದವನು. ಅದನ್ನು ಅಲ್ಲಗಳೆಯಬಲ್ಲವಳು ಶವಾಗಾರದಲ್ಲಿದ್ದಾಳೆ. ಶಂಕೆಯೆಂಬ ಶಬ್ದವಾದರೂ ಇದ್ದರೆ ಇರುತ್ತದೆ, ಅನೇಕ ಸಲ ಅದೂ ಬಿದ್ದುಹೋಗಿರುತ್ತದೆ. ವ್ಯಭಿಚಾರದ ಕಲಮನ್ನೇ ಸುಪ್ರೀಮ ಕೋರ್ಟು 2018ರ ಸೆಪ್ಟಂಬರದಲ್ಲಿ ಹೊಡೆದುಹಾಕಿತು. ಅದು ಜಾರಿಯಲ್ಲಿದ್ದ ದಿನಗಳಲ್ಲಿಯೂ ಹೆಂಡತಿಗೆ ಅದರಡಿ ಶಿಕ್ಷೆಯಿರಲಿಲ್ಲ. ಹೀಗಿರುವಲ್ಲಿ ಕೊಲೆಗಾರನ ಹೇಳಿಕೆಯನ್ನು ಹಿಡಿದು, ಅಪರಾಧವೇ ಅಲ್ಲದ ಸಂಗತಿಗಾಗಿ ಸತ್ತವಳನ್ನು ಕಟಕಟೆಗೆ ಏರಿಸುವುದು ಎಂತಹ ನ್ಯಾಯ? ಮುಂಚೆ ಅವಳು ಎಷ್ಟು ಸಲ ತವರಿಗೆ ಓಡಿಬಂದಿದ್ದಳು, ಠಾಣೆಗೆ ದೂರು ಕೊಟ್ಟಿದ್ದಳೇ, ದೂರನ್ನು ‘ರಾಜಿ’ ಮಾಡಿಸಿ ಕಳುಹಿಸಿದ್ದರೇ ಎಂದು ಅವಳ ತಾಯಿಯನ್ನು ಕೇಳಿದ್ದರೆ ವಾರ್ತೆಯೇ ಬೇರೆಯಾಗುತ್ತಿತ್ತು.

ಅಂಕಿಸಂಖ್ಯೆಗಳ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. 2012ರಲ್ಲಿ ದೇಶದಲ್ಲಿ 24,923 ಅತ್ಯಾಚಾರದ ಖಟ್ಲೆಗಳು ದಾಖಲಾಗಿದ್ದವು, 2013ರಲ್ಲಿ 33,707. ಒಂದೇ ವರ್ಷದಲ್ಲಿ ದೇಶದ ಗಂಡಸರು ಇಷ್ಟು ಕೆಟ್ಟುಹೋದರೇ? 2012ರ ಡಿಸೆಂಬರದ ದಿಲ್ಲಿಯ ಪ್ರಕರಣದ ಅನಂತರ ಹೆಂಗಸರು ಮುಂದೆ ಬಂದು ದೂರು ಕೊಟ್ಟರು. 2013ರಲ್ಲಿ ಕಾಯಿದೆಯ ವ್ಯಾಖ್ಯೆಯು ವಿಸ್ತಾರವಾಯಿತು, ಸಮ್ಮತಿಯ ವಯಸ್ಸು 16ರಿಂದ 18ಕ್ಕೆ ಏರಿತು, ದೂರನ್ನು ಬರೆದುಕೊಳ್ಳದ ಅಧಿಕಾರಿಗೆ ಶಿಕ್ಷೆಯು ಬಂತು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪುಸ್ತಕದಲ್ಲಿರುವುದು ದಾಖಲಾದ ಅಪರಾಧಗಳ ಲೆಕ್ಕ. ದೂರನ್ನು ತಳ್ಳಿಹಾಕುವ ಠಾಣೆಯ ಊರು ಅದರಲ್ಲಿ ರಾಮರಾಜ್ಯದಂತೆ ಕಾಣುತ್ತದೆ. ಅತ್ಯಾಚಾರದ ಆಪಾದಿತರಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಮಿಕ್ಕಿ ಮಂದಿ ಬಾಧಿತಳಿಗೆ ಪರಿಚಿತರೆಂದು ಅದೇ ಪುಸ್ತಕವು ಹೇಳುತ್ತದೆ. ಮುಖಪುಟದಲ್ಲಿ ಮಾತ್ರ ಕತ್ತಲೆಯ ರಸ್ತೆಯ ಅಪರಿಚಿತನೇ ಕಾಣುತ್ತಾನೆ.

ಅಪರಿಚಿತನ ಭಯವು ಏನು ಮಾಡಬಲ್ಲದೆಂಬುದನ್ನು ಬೀದರ ಜಿಲ್ಲೆಯು ಕಂಡಿದೆ. 2018ರ ಜುಲೈ 13ರಂದು ಔರಾದ ತಾಲೂಕಿನ ಮುರ್ಕಿಯಲ್ಲಿ, ಹೈದರಾಬಾದಿನ ಕಡೆಯಿಂದ ಬಂದಿದ್ದ ಸ್ನೇಹಿತರು ಮಕ್ಕಳಿಗೆ ಚಾಕಲೇಟು ಹಂಚಿದರೆಂಬ ಕಾರಣದಿಂದ ಮಕ್ಕಳ ಕಳ್ಳರೆಂದು ಹಬ್ಬಿಸಿ, ಗುಂಪು ಅವರ ಮೇಲೆ ಬಿದ್ದಿತು. ಒಬ್ಬ ತರುಣ ಇಂಜಿನಿಯರನು ಸತ್ತನು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರ ಪ್ರಾಂತದ ಕೂಲಿಯೊಬ್ಬನು ಇದೇ ರೀತಿಯಲ್ಲಿ ಸತ್ತಿದ್ದನು. ಆ ದಿನಗಳಲ್ಲಿ ದೇಶದಾದ್ಯಂತ ಮೊಬೈಲುಗಳಲ್ಲಿ ಓಡಾಡಿದ ಒಂದು ಚಲಚ್ಚಿತ್ರದ ತುಣುಕಿನಲ್ಲಿ, ಮೋಟಾರು ಸೈಕಲ್ಲಿನವರಿಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ತಾಯಿತಂದೆಗಳನ್ನು ಎಚ್ಚರಿಸಲೆಂದು ತಯಾರಿಸಿದ ಚಿತ್ರ. ಕೊನೆಯಲ್ಲಿ ಆ ಇಬ್ಬರು ಹಿಂತಿರುಗಿ ಬಂದು ಮಗುವನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿರಲಿ ಎಂಬ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಬಿಟ್ಟಿದ್ದರು. ಉಳಿದ ತುಣುಕಿನಲ್ಲಿ ಒಂದು ದೃಶ್ಯವೂ ಸುಳ್ಳಾಗಿರಲಿಲ್ಲ.

ಪತ್ರಿಕೆಗಳು ಅಪರಾಧವಾರ್ತೆಯ ಕೊನೆಯ ಭಾಗವನ್ನು ಕತ್ತರಿಸುವ ಬಗೆಯೂ ಹೀಗೆಯೇ. 2022ರ ಕೊನೆಯಲ್ಲಿ ನಮ್ಮ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ಶಿಕ್ಷೆಯ ತೀರ್ಪಾಗದವರು. ಇವರೆಲ್ಲರ ಬಂಧನವು ಎಲ್ಲಿಯೋ ಒಂದು ದಿನ ವಾರ್ತೆಯಾಗಿದ್ದಿರಬಹುದು. ಇವರಲ್ಲಿ ಎಷ್ಟು ಮಂದಿಯ ಬಿಡುಗಡೆಯು ವಾರ್ತೆಯಾಗುತ್ತದೆ? ಗುಜರಾತದ ಅಕ್ಷರಧಾಮ ದೇವಾಲಯದ ಮೇಲೆ 2002ರಲ್ಲಿ ನಡೆದ ಘೋರ ದಾಳಿಯ ಖಟ್ಲೆಯಲ್ಲಿ ಶಿಕ್ಷೆಗೊಳಗಾಗಿದ್ದ ಆರು ಮಂದಿಯನ್ನು, ಅವರಲ್ಲಿ ಕೆಲವರು ಗಲ್ಲಿನ ಶಿಕ್ಷೆಯನ್ನು ಹೊತ್ತಿದ್ದವರು, ಸುಪ್ರೀಮ ಕೋರ್ಟು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಆ ತೀರ್ಪು ಬಂದ ದಿನ 2014ರ ಮೇ 16, ಲೋಕಸಭೆಯ ಚುನಾವಣೆಯ ಮತ ಎಣಿಕೆಯ ದಿನ. ಮರುದಿನದ ಪತ್ರಿಕೆಯಲ್ಲಿ ಅದಕ್ಕೆ ಎಷ್ಟು ಅಂಗುಲ ದೊರೆತಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ದೇವಾಲಯದಲ್ಲಿ ಪ್ರಾಣ ಕಳೆದುಕೊಂಡ ಭಕ್ತರ ಮನೆಯವರಿಗೂ, ಹಾಗಾದರೆ ಒಳಸಂಚು ನಡೆಸಿದವರು ಯಾರು ಎಂಬ ಪ್ರಶ್ನೆಯು ಆ ದಿನ ಹೊಸದಾಗಿ ಎದ್ದಿತು; ಅದನ್ನು ಎತ್ತಿ ಹಿಡಿದವರು ಕಡಿಮೆ.

ಇದಕ್ಕೆ ನಮ್ಮ ವೃತ್ತಿಬಾಂಧವರು ಕೊಡುವ ಸಮಾಧಾನವನ್ನು ನಾವು ಬಲ್ಲೆವು. ಬಾತ್ಮೀದಾರನು ಒಬ್ಬ, ಠಾಣೆಗಳು ಹತ್ತು. ರಾತ್ರಿ ಹತ್ತಕ್ಕೆ ಪುಟ ಮುಗಿಯಬೇಕು. ಪೋಲೀಸರನ್ನು ಕೆಣಕಿದರೆ ನಾಳೆಯ ಸುದ್ದಿ ಸಿಗದು. ಕಟ್ಟೆಯ ಮೇಲೆ ಕುಳಿತು ಓದುವವನಿಗೆ ರಕ್ತವೇ ಬೇಕು. ಇವುಗಳಲ್ಲಿ ಕೊನೆಯದನ್ನು ನಾವು ಒಪ್ಪುವುದಿಲ್ಲ. ಮಿಕ್ಕವು ನಿಜವೇ. ಆದರೆ ‘ಪೋಲೀಸರು ಹೇಳಿದರು’ ಎಂಬ ಎರಡು ಶಬ್ದಗಳಿಗೆ ಬಾತ್ಮೀದಾರರ ಕೊರತೆಯು ಅಡ್ಡಬರಲಾರದು. ಕಳ್ಳ, ಕೊಲೆಗಾರ ಎಂಬಲ್ಲಿ ಆಪಾದಿತನೆಂದು ಬರೆಯಲು ಮೊಳೆಗಳೇನೂ ಹೆಚ್ಚು ಬೇಕಾಗುವುದಿಲ್ಲ. ಜಿಲ್ಲಾ ನ್ಯಾಯಾಲಯಕ್ಕೆ ವಾರಕ್ಕೊಮ್ಮೆ ಹೋಗಿ, ಎರಡು ವರ್ಷದ ಹಿಂದೆ ಮುಖಪುಟದಲ್ಲಿ ಅಚ್ಚಾದ ಖಟ್ಲೆಗಳು ಏನಾದವೆಂದು ಕೇಳಿ ಬರುವುದು ಒಬ್ಬ ಮನುಷ್ಯನ ಅರ್ಧ ದಿನದ ಕೆಲಸ.

ವಾಚಕರಿಗೂ ಈಗ ಮಾರ್ಗವುಂಟು. ಅತಿ ಸೂಕ್ಷ್ಮವಾದ ಪ್ರಕರಣಗಳನ್ನು ಬಿಟ್ಟು ಮಿಕ್ಕ ಪ್ರಥಮ ವರ್ತಮಾನ ವರದಿಗಳನ್ನು 24 ಗಂಟೆಗಳೊಳಗೆ ಪೋಲೀಸರ ಜಾಲತಾಣದಲ್ಲಿ ಇಡಬೇಕೆಂದು 2016ರಲ್ಲಿ ಸುಪ್ರೀಮ ಕೋರ್ಟು ಹೇಳಿತು. ಖಟ್ಲೆಯು ಯಾವ ಹಂತದಲ್ಲಿದೆಯೆಂಬುದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಠಾಣೆಯ ಹೆಸರು ಮತ್ತು ವರದಿಯ ಸಂಖ್ಯೆಯಿಂದ ಯಾರು ಬೇಕಾದರೂ ಕಾಸು ಖರ್ಚಿಲ್ಲದೆ ನೋಡಬಹುದು. ನಮ್ಮ ಊರಿನ ವಾಚನಾಲಯಗಳಲ್ಲಿ ಸೇರುವ ತರುಣರು ಈ ವಾರದ ಯಾವುದಾದರೂ ಒಂದು ದೊಡ್ಡ ಬಂಧನದ ವಾರ್ತೆಯನ್ನು ಕತ್ತರಿಸಿ, ಅದರ ಹಿಂಬದಿಯಲ್ಲಿ ಆ ಸಂಖ್ಯೆಯನ್ನು ಬರೆದು ಗೋಡೆಗೆ ಅಂಟಿಸಲಿ. ವರ್ಷಕ್ಕೊಮ್ಮೆ ಅದೇ ಸಂಖ್ಯೆಯನ್ನು ತೆರೆದು ನೋಡಲಿ. ತೀರ್ಪು ಬಂದ ದಿನ ಅದನ್ನು ಅಚ್ಚು ಮಾಡಿರೆಂದು ಆ ವಾರ್ತೆಯನ್ನು ಅಚ್ಚು ಮಾಡಿದ ಪತ್ರಿಕೆಯ ಸಂಪಾದಕನಿಗೆ, ಅವನು ಯಾರೇ ಆಗಿರಲಿ, ಒಂದು ಕಾಗದವನ್ನು ಬರೆಯಲಿ.